ಬೆರಳು ಹೋದದ್ದು ಯಾರ ಇಚ್ಛೆಯಿಂದ?

ಮನುಷ್ಯ ತನ್ನ ಕೆಲಸಕ್ಕೆ ತಾನೇ ಕರ್ತನೋ, ಅಥವಾ ಯಾವುದೋ ಒಂದು ಶಕ್ತಿ ಅವನ ಕೈಯಿಂದ ಮಾಡಿಸುತ್ತದೆಯೋ ಎಂಬುದು ಪಂಡಿತರ ಪ್ರಶ್ನೆಯೆಂದು ನಮ್ಮ ಓದುಗರಲ್ಲಿ ಹಲವರು ತಿಳಿದಿದ್ದಾರೆ. ಮಠದ ಜಗಲಿಯಲ್ಲಿ, ಕಾಲೇಜಿನ ಕೊಠಡಿಯಲ್ಲಿ ಚರ್ಚೆಯಾಗತಕ್ಕ ಈ ವಿಷಯ ನಮ್ಮ ಅಗ್ರಲೇಖನಕ್ಕೆ ಏಕೆ ಬಂತು ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಈ ಪ್ರಶ್ನೆಗೆ ಈಗ ಬೆಲೆ ಕಟ್ಟಲಾಗಿದೆ. ಆ ಬೆಲೆ ಸುಮಾರು 4 ಲಕ್ಷ ರೂಪಾಯಿ.

ಸಂಗತಿ ಹೀಗಿದೆ. ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆಯವರೆಗೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಹಿಂದುಮುಂದಿನ ಗಲ್ಲಿಗಳಲ್ಲಿ, ಮನೆಗಳ ಕೆಳಗೂ ಪಕ್ಕದಲ್ಲೂ ಸಣ್ಣ ಸಣ್ಣ ಶೆಡ್ಡುಗಳಿವೆ. ದೊಡ್ಡ ಕಂಪನಿಗಳಿಗೆ ಬೇಕಾದ ತಗಡಿನ ಬಿಡಿಭಾಗಗಳನ್ನು ಇಲ್ಲಿ ಪವರ್ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ನಮ್ಮ ಜಿಲ್ಲೆಯಿಂದ ಬಸ್ಸು ಹತ್ತುವ ಹುಡುಗರಲ್ಲಿ ಬಹಳ ಮಂದಿ ಕೊನೆಗೆ ಹೋಗಿ ನಿಲ್ಲುವುದು ಈ ಯಂತ್ರಗಳ ಮುಂದೆಯೇ. ಅಂಥ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷದವನು, 2024ರ ಮಳೆಗಾಲದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ. ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ ತಡೆಯುವ ಗಾರ್ಡು ಆಗ ಯಂತ್ರದ ಮೇಲಿರಲಿಲ್ಲ. ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಪರಿಹಾರದ ಮಾತು ಎತ್ತಿದಾಗ ಮಾಲೀಕರು ಹೇಳಿದ್ದು: “ಗಾರ್ಡು ತೆಗೆದವನು ಅವನೇ. ಕೈ ಇಟ್ಟವನೂ ಅವನೇ. ನಾವೇನು ಅವನ ಕೈ ಹಿಡಿದು ಒಳಗೆ ತಳ್ಳಿದೆವೇ?” ಅದೇ ಮಾಲೀಕರು ಕಾಫಿ ತರಿಸಿ, ದನಿ ತಗ್ಗಿಸಿ ಹೇಳಿದ್ದು: “ಆಗಬೇಕಾದ್ದು ಆಯಿತು. ಅವನ ಗ್ರಹಚಾರ ನೆಟ್ಟಗಿರಲಿಲ್ಲ. ಇಪ್ಪತ್ತು ಸಾವಿರ ಕೊಡುತ್ತೇನೆ, ಮುಗಿಸಿಬಿಡಿ.” ಎರಡು ಮಾತಿಗೂ ನಡುವೆ ಅರ್ಧ ಗಂಟೆಯ ಅಂತರವಿರಲಿಲ್ಲ. ಮೊದಲ ಮಾತಿನಲ್ಲಿ ಕೂಲಿಕಾರ ಸರ್ವತಂತ್ರ ಸ್ವತಂತ್ರ. ಎರಡನೆಯದರಲ್ಲಿ ಎಲ್ಲವೂ ಗ್ರಹಗಳ ಆಟ. ಎರಡರಲ್ಲಿಯೂ ಮಾಲೀಕರ ಹೊಣೆ ಮಾತ್ರ ಎಲ್ಲಿಯೂ ಇಲ್ಲ.

ಹುಡುಗನನ್ನು ಕೇಳಿದರೆ ಅವನು ಕೊಟ್ಟ ಉತ್ತರ ಮೂರೇ ಪದ: “ನನ್ನ ಕರ್ಮ, ಮೇಷ್ಟ್ರೇ.”

ಇನ್ನೂ ಒಂದು ಕಾಗದದ ವಿಷಯ ಹೇಳಬೇಕು. ನರ್ಸಿಂಗ್ ಹೋಮಿನಲ್ಲಿ ಮಲಗಿದ್ದ ಮೂರನೆಯ ದಿನ ಅವನಿಂದ ಒಂದು ಹೇಳಿಕೆ ಬರೆಸಿಕೊಂಡಿದ್ದಾರೆ. ಛಾಪಾ ಕಾಗದದ ಮೊದಲ ಸಾಲೇ, “ನಾನು ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ” ಎಂದು ಆರಂಭವಾಗುತ್ತದೆ. ಗಾರ್ಡನ್ನು ತಾನೇ ತೆಗೆದೆನೆಂದೂ ತನ್ನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆಂದೂ ಅದರಲ್ಲಿ ಬರೆದಿದೆ. ಕೆಳಗೆ ಸಹಿ ಇಲ್ಲ; ಎಡಗೈ ಹೆಬ್ಬೆಟ್ಟಿನ ಗುರುತಿದೆ. ಬಲಗೈಗೆ ಬ್ಯಾಂಡೇಜು ಕಟ್ಟಿತ್ತು. ಓದುಬರಹ ಬಲ್ಲ ಹುಡುಗನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಆ ಕಾಗದದಲ್ಲಿ ‘ಸ್ವಂತ ಇಚ್ಛೆ’ ಎಂಬ ಎರಡು ಪದಗಳಿಗೆ ಏನು ಅರ್ಥ ಉಳಿಯಿತೆಂಬುದನ್ನು ತತ್ತ್ವಜ್ಞಾನಿಗಳು ಹೇಳಬೇಕು.

ಈ ಎರಡು ಪದಗಳು ಬರಿಯ ಶಿಷ್ಟಾಚಾರಕ್ಕೆ ಬರೆದವಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 3ನೇ ಕಲಮು, ಕೆಲಸದಲ್ಲಿ ಗಾಯವಾದರೆ ಮಾಲೀಕನೇ ಪರಿಹಾರ ಕೊಡತಕ್ಕದ್ದೆಂದು ಹೇಳಿ, ಕೆಳಗೆ ಕೆಲವು ವಿನಾಯಿತಿಗಳನ್ನೂ ಕೊಟ್ಟಿತು. ಕಾರ್ಮಿಕ ಕುಡಿದಿದ್ದರೆ, ಇಚ್ಛಾಪೂರ್ವಕವಾಗಿ ಆಜ್ಞೆ ಮೀರಿದ್ದರೆ, ಸುರಕ್ಷತೆಗಾಗಿ ಇದೆಯೆಂದು ತಿಳಿದೂ ಇಚ್ಛಾಪೂರ್ವಕವಾಗಿ ಗಾರ್ಡನ್ನು ತೆಗೆದಿದ್ದರೆ ಅಥವಾ ಕಡೆಗಣಿಸಿದ್ದರೆ, ಮಾಲೀಕ ಕೊಡಬೇಕಾಗಿಲ್ಲ. ಸತ್ತರೆ ಅಥವಾ ಸಂಪೂರ್ಣ ಶಾಶ್ವತ ಅಂಗವಿಕಲನಾದರೆ ಈ ವಿನಾಯಿತಿ ನಡೆಯದು. ಎರಡು ಬೆರಳು ಹೋದವನಿಗೆ ಮಾತ್ರ ನಡೆಯುತ್ತದೆ! ಕಾಯ್ದೆಯ ಪಟ್ಟಿಯ ಪ್ರಕಾರ ಒಂದು ಕೈಯ ಎರಡು ಬೆರಳಿನ ನಷ್ಟವೆಂದರೆ ನೂರಕ್ಕೆ 20ರಷ್ಟು ದುಡಿಯುವ ಶಕ್ತಿಯ ನಷ್ಟ. ತಿಂಗಳ ಕೂಲಿ 15,000 ರೂಪಾಯಿ. ಅದರಲ್ಲಿ ನೂರಕ್ಕೆ 60, ಅಂದರೆ 9,000. ಇಪ್ಪತ್ತೆರಡು ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ ಗುಣಕ 221.37, ಬಂದ ಮೊತ್ತದಲ್ಲಿ ಐದನೇ ಒಂದು ಭಾಗ. ಲೆಕ್ಕ ಹಾಕಿದರೆ 3,98,466 ರೂಪಾಯಿ. ‘ಇಚ್ಛಾಪೂರ್ವಕವಾಗಿ’ ಎಂಬ ಒಂದು ಪದ ನಿಂತರೆ ಇದರಲ್ಲಿ ಒಂದು ಕಾಸೂ ಇಲ್ಲ. ಅದು ಬಿದ್ದರೆ ಅಷ್ಟೂ ಅವನದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿದೆ.

ಹಾಗಾದರೆ ಗಾರ್ಡು ತೆಗೆದದ್ದು ಹುಡುಗನ ಇಚ್ಛೆಯೇ? ನಾವು ಆ ಶೆಡ್ಡಿಗೆ ಹೋಗಿ ನೋಡಿದೆವು. ಗೋಡೆಗೆ ನೇತಾಡುತ್ತಿದ್ದ ಗಾರ್ಡಿನ ಮೇಲೆ ಎಣ್ಣೆಯ ಜಿಡ್ಡು, ಧೂಳು. ಅದರ ನಡುವೆ ಒಣಗಿ ಕಪ್ಪಾದ ಅರಿಸಿನ ಕುಂಕುಮ. ಆಯುಧಪೂಜೆಯ ದಿನ ಇಟ್ಟದ್ದು. ಹುಡುಗ ಕೆಲಸಕ್ಕೆ ಸೇರಿದ್ದು ಸಂಕ್ರಾಂತಿ ಕಳೆದ ಮೇಲೆ. ಅಂದರೆ ಅವನು ಬರುವುದಕ್ಕೆ ಮೂರು ತಿಂಗಳ ಹಿಂದೆಯೇ ಗಾರ್ಡು ಗೋಡೆಗೆ ಹೋಗಿತ್ತು. ಅಲ್ಲಿಯೇ ಅದಕ್ಕೆ ಪೂಜೆಯೂ ಆಗಿತ್ತು! ಏಕೆ ತೆಗೆದರೆಂದು ಪಕ್ಕದ ಯಂತ್ರದವರನ್ನು ಕೇಳಿದೆವು. ಗಾರ್ಡು ಹಾಕಿಕೊಂಡು ಒತ್ತಿದರೆ ಗಂಟೆಗೆ ಬರುವ ಪೀಸು ಕಡಿಮೆ. ಕೂಲಿ ಪೀಸಿನ ಲೆಕ್ಕದ ಮೇಲೆ. ದಿನದ ಕೋಟಾ ಮುಗಿಯದಿದ್ದರೆ ಮರುದಿನ ಯಂತ್ರದ ಮುಂದೆ ಬೇರೆ ಹುಡುಗ. ಮೇಸ್ತ್ರಿಗೆ ಇದು ಗೊತ್ತು. ಮಾಲೀಕರಿಗೂ ಗೊತ್ತು. ಹುಡುಗನಿಗೂ ಗೊತ್ತಿತ್ತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಅವನು ಕುರುಡನಲ್ಲ. ಆದರೆ ಗೊತ್ತಿರುವುದು ಬೇರೆ, ಬೇರೊಂದು ದಾರಿಯಿರುವುದು ಬೇರೆ. ಊರಲ್ಲಿ ಸಾಲ, ತಂಗಿಯ ಓದು, ತಿಂಗಳ ಮೊದಲ ವಾರ ಕಳಿಸಬೇಕಾದ ಹಣ ಇವನ್ನೆಲ್ಲ ಹೊತ್ತವನು ಆ ಯಂತ್ರದ ಮುಂದೆ ‘ಒಲ್ಲೆ’ ಎನ್ನಬಹುದಿತ್ತೆಂದು ಹೇಳುವವರು, ಆ ‘ಒಲ್ಲೆ’ಯ ಬೆಲೆ ಎಷ್ಟೆಂಬುದನ್ನೂ ಹೇಳಬೇಕು.

ಈ ವಾದ ಇಂದಿನದಲ್ಲ. 1837ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಚಾರ್ಲ್ಸ್ ಪ್ರೀಸ್ಟ್‌ಲಿ ಎಂಬ ಕೂಲಿಯ ಮೊಕದ್ದಮೆ ಬಂತು. ಅವನ ಒಡೆಯ ಫೌಲರ್ ಎಂಬ ಮಾಂಸದ ವ್ಯಾಪಾರಿ. ಗಾಡಿಯ ಮೇಲೆ ಹೇರು ಹೆಚ್ಚಾಗಿ ಗಾಡಿ ಮುರಿದು ಅವನ ತೊಡೆಯ ಮೂಳೆ ಮುರಿಯಿತು. ಪಂಚರು 100 ಪೌಂಡು ಕೊಡಿಸಿದರು; ಮೇಲಿನ ನ್ಯಾಯಾಧೀಶರು ಅದನ್ನು ಕಿತ್ತುಕೊಂಡರು. ಅಪಾಯ ಕಂಡರೆ ಆಳು ಗಾಡಿ ಹತ್ತದೇ ಇರಬಹುದಿತ್ತು, ಗಾಡಿಯ ಸ್ಥಿತಿ ಒಡೆಯನಷ್ಟೇ ಅವನಿಗೂ ತಿಳಿದಿತ್ತು ಎಂಬುದು ಅವರ ತರ್ಕದ ಸಾರ. ಕೂಲಿಕಾರ ಸ್ವತಂತ್ರ ಪುರುಷ, ಆದ್ದರಿಂದ ಅವನ ಮುರಿದ ಮೂಳೆಯೂ ಅವನದೇ! ಆ ತರ್ಕವನ್ನು ಮುರಿಯಲು ಇಂಗ್ಲೆಂಡಿನ ಕಾರ್ಮಿಕರಿಗೆ ಅರವತ್ತು ವರ್ಷ ಬೇಕಾಯಿತು. ಪರಿಹಾರದ ಕಾಯ್ದೆ ಬಂದದ್ದು 1897ರಲ್ಲಿ. ಗುಲಾಮನಿಗೆ ನಿನಗೆ ಇಚ್ಛೆಯೇ ಇಲ್ಲವೆಂದು ಹೇಳಿ ದುಡಿಸಿಕೊಂಡ ಕಾಲವೊಂದಿತ್ತು. ಕೂಲಿಕಾರನಿಗೆ ಎಲ್ಲವೂ ನಿನ್ನ ಇಚ್ಛೆಯೇ ಎಂದು ಹೇಳಿ ದುಡಿಸಿಕೊಳ್ಳುವುದು ಅನಂತರದ ನಾಗರಿಕತೆ.

ನಮ್ಮ ದೇಶದಲ್ಲಿ ಇದರ ಇನ್ನೊಂದು ಮುಖ ಹೆಚ್ಚು ಹಳೆಯದು. ಬುದ್ಧನ ಕಾಲದಲ್ಲಿಯೇ ಮಕ್ಖಲಿ ಗೋಸಾಲನೆಂಬ ಆಜೀವಕ ಗುರು ನಿಯತಿವಾದವನ್ನು ಬೋಧಿಸಿದ. ಎಲ್ಲವೂ ಮೊದಲೇ ಗೊತ್ತಾಗಿದೆ, ಮನುಷ್ಯನ ಪ್ರಯತ್ನದಿಂದ ಏನೂ ಹೆಚ್ಚದು, ಕುಗ್ಗದು ಎಂಬುದು ಅವನ ಮತ. ಬುದ್ಧ ಅದನ್ನು ಮನುಷ್ಯರ ಕೂದಲಿನಿಂದ ನೆಯ್ದ ಕಂಬಳಿಗೆ ಹೋಲಿಸಿದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ. ಯಾವ ಕಾಲಕ್ಕೂ ಒದಗದು. ಕಂಬಳಿಯ ಬೆಲೆ ಬಲ್ಲ ನಮ್ಮ ರೈತರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ಮಸಿದ್ಧಾಂತವಾದರೂ ಮೊದಲು ಪುರುಷಪ್ರಯತ್ನವನ್ನು ಒಪ್ಪಿದ ಸಿದ್ಧಾಂತವೇ: ಮಾಡಿದ್ದುಣ್ಣೋ ಮಹರಾಯ. ಆದರೆ ಮಾಡಿದವನು ಒಬ್ಬ, ಉಣ್ಣುವವನು ಇನ್ನೊಬ್ಬ ಆದಾಗ ಅದಕ್ಕೆ ಹಿಂದಿನ ಜನ್ಮದ ತೇಪೆ ಹಾಕಿದರು. ಕೆಳಗೆ ಹುಟ್ಟಿದ್ದು ಹಿಂದೆ ಮಾಡಿದ ಪಾಪ. ಮೇಲೆ ಹುಟ್ಟಿದ್ದು ಪುಣ್ಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಂಗಡಿಗರು ಈ ತೇಪೆಯನ್ನು ಕಿತ್ತರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ನಡೆಯಿತು. ಹುಟ್ಟು ಗೊತ್ತುಮಾಡಿದ್ದನ್ನು ಮನುಷ್ಯ ಬದಲಿಸಬಹುದೆಂದು ತೋರಿಸಿದ್ದಕ್ಕೆ ಆ ಇಬ್ಬರು ತಂದೆಯರು ಪ್ರಾಣ ತೆತ್ತರು. ಅವರ ಹೆಸರು ಹೊತ್ತ ಬಸವೇಶ್ವರನಗರ ಈಗ ದೊಡ್ಡ ಬಡಾವಣೆ. ಅಲ್ಲಿಂದ ಕಾಲ್ನಡಿಗೆಯ ದೂರದ ಶೆಡ್ಡಿನಲ್ಲಿ ಒಬ್ಬ ಹುಡುಗ ಮುರಿದ ಕೈ ಹಿಡಿದುಕೊಂಡು ‘ನನ್ನ ಕರ್ಮ’ ಎನ್ನುತ್ತಾನೆ.

ಈ ಮಾತನ್ನು ಅವನಿಗೆ ಕಲಿಸಿದವರು ಯಾರು? ಇಲ್ಲಿ ಒಂದು ತಪ್ಪೊಪ್ಪಿಗೆ ಸಲ್ಲುತ್ತದೆ. ಈ ಸಾಲುಗಳನ್ನು ಬರೆಯುತ್ತಿರುವವನು ಪಕ್ಷದ ಕೆಲಸಕ್ಕೆ ಬರುವ ಮೊದಲು ಮೇಷ್ಟ್ರಾಗಿದ್ದವನು. ಆ ಹುಡುಗ ಅವನ ಕೈಕೆಳಗೆ ಓದಿದವನೇ. ಲೆಕ್ಕ ತಪ್ಪಿದ ಒಂದು ದಿನ ಇಡೀ ತರಗತಿಯ ಮುಂದೆ, “ನಿನ್ನ ಹಣೇಲಿ ವಿದ್ಯೆ ಬರೆದಿಲ್ಲ ಕಣೋ” ಎಂದು ಹೇಳಿದ್ದುಂಟು. ಹಿಂದಿನ ರಾತ್ರಿ ಅವನು ತಂದೆಯ ಜೊತೆ ಗದ್ದೆಗೆ ನೀರು ಕಟ್ಟಲು ಹೋಗಿ ನಿದ್ದೆಗೆಟ್ಟಿದ್ದನೆಂದು ಆಮೇಲೆ ತಿಳಿಯಿತು. ಕಾರಣ ಹುಡುಕುವ ತೊಂದರೆ ತೆಗೆದುಕೊಳ್ಳದವನಿಗೆ ಹಣೆಬರಹ ಬಹಳ ಅನುಕೂಲ. ಮಾಲೀಕರನ್ನು ಬಯ್ಯುವ ಮೊದಲು ನಾವು ನಮ್ಮ ನಾಲಿಗೆಯನ್ನೂ ನೋಡಿಕೊಳ್ಳಬೇಕು.

ಈಗ ನಮ್ಮನ್ನೇ ಕೇಳತಕ್ಕ ಒಂದು ಪ್ರಶ್ನೆಯಿದೆ, ನ್ಯಾಯವಾದ ಪ್ರಶ್ನೆ. ಮನುಷ್ಯನನ್ನು ರೂಪಿಸುವುದು ಅವನ ಪರಿಸ್ಥಿತಿಯೆಂದು ಸಮಾಜವಾದಿಗಳಾದ ನಾವೇ ಹೇಳುತ್ತೇವೆ. ರಾಬರ್ಟ್ ಓವೆನ್ 1813ರಲ್ಲಿಯೇ, ಮನುಷ್ಯನ ಶೀಲವನ್ನು ಅವನಲ್ಲ, ಅವನ ಸುತ್ತಲಿನ ಸ್ಥಿತಿ ಕಟ್ಟುತ್ತದೆಂದು ಬರೆದ. ಮಾರ್ಕ್ಸ್ ತನ್ನ ದೊಡ್ಡ ಗ್ರಂಥದ 1867ರ ಮುನ್ನುಡಿಯಲ್ಲಿ, ವ್ಯಕ್ತಿ ತಾನು ಹುಟ್ಟಿಬಂದ ಸಂಬಂಧಗಳ ಕೂಸಾದ್ದರಿಂದ ಆ ಸಂಬಂಧಗಳಿಗೆ ಅವನೊಬ್ಬನನ್ನೇ ಹೊಣೆಮಾಡಲಾಗದೆಂದ. ಹಾಗಿದ್ದರೆ ಮಾಲೀಕನೂ ಪರಿಸ್ಥಿತಿಯ ಕೂಸಲ್ಲವೇ? ಹೌದು. ಮಾಗಡಿ ರಸ್ತೆಯ ಆ ಮಾಲೀಕರು ರಾಕ್ಷಸರಲ್ಲ. ಅವರೂ ಒಂದು ಕಾಲಕ್ಕೆ ಇನ್ನೊಬ್ಬರ ಶೆಡ್ಡಿನಲ್ಲಿ ಪ್ರೆಸ್ ಒತ್ತಿದವರು. ದೊಡ್ಡ ಕಂಪನಿ ಜಾಬ್ ವರ್ಕಿಗೆ ಕೊಡುವ ದರ ಪೀಸಿಗೆ ಇಷ್ಟೇ ಪೈಸೆಯೆಂದು ಗೊತ್ತುಮಾಡುತ್ತದೆ, ತಡವಾದರೆ ಕಡಿತ, ಹೆಚ್ಚು ಕೇಳಿದರೆ ಆರ್ಡರು ಪಕ್ಕದ ಶೆಡ್ಡಿಗೆ. ಬ್ಯಾಂಕಿನ ಕಂತು ಅವರ ಕುತ್ತಿಗೆಯ ಮೇಲೂ ಇದೆ. ಇದನ್ನೆಲ್ಲ ನಾವು ಒಪ್ಪುತ್ತೇವೆ.

ಆದರೆ ಇದರಿಂದ ಯಾರಿಗೂ ಹೊಣೆಯಿಲ್ಲವೆಂದಾಗದು. ಹೊಣೆಗೆ ಒಂದು ಅಳತೆಗೋಲು ಬೇಕು, ಅಷ್ಟೆ. ನಮ್ಮ ಅಳತೆಗೋಲು ಇದು: ಯಾರ ಕೈಯಲ್ಲಿ ಬದಲಿಸುವ ಶಕ್ತಿ ಎಷ್ಟಿತ್ತೋ, ಅವರ ಹೊಣೆ ಅಷ್ಟು. ಹುಡುಗನ ಕೈಯಲ್ಲಿದ್ದದ್ದು ಕೆಲಸ ಬಿಟ್ಟುಹೋಗುವ ಸ್ವಾತಂತ್ರ್ಯವೊಂದೇ. ಅವನು ಬಿಟ್ಟರೂ ಗಾರ್ಡು ಗೋಡೆಯಲ್ಲಿಯೇ ಇರುತ್ತಿತ್ತು, ಇನ್ನೊಬ್ಬನ ಬೆರಳು ಹೋಗುತ್ತಿತ್ತು. ಮಾಲೀಕರ ಕೈಯಲ್ಲಿದ್ದದ್ದು ಹತ್ತು ನಿಮಿಷದ ಕೆಲಸ, ನಾಲ್ಕು ಬೋಲ್ಟು; ಪೀಸಿನ ಬದಲು ದಿನಗೂಲಿ. ಕಂಪನಿಯ ಕೈಯಲ್ಲಿದ್ದದ್ದು ದರ. ಸರ್ಕಾರದ ಕೈಯಲ್ಲಿದ್ದದ್ದು ಕಾಯ್ದೆ, ತನಿಖೆ. ಮೇಲೆ ಹೋದಷ್ಟೂ ಸ್ವಾತಂತ್ರ್ಯ ಹೆಚ್ಚು. ಆದರೆ ನಮ್ಮಲ್ಲಿ ಹೊಣೆ ಮಾತ್ರ ಮಳೆನೀರಿನಂತೆ ಕೆಳಕ್ಕೇ ಹರಿಯುತ್ತದೆ, ಕೊನೆಗೆ ತಗ್ಗಿನಲ್ಲಿದ್ದವನ ಅಂಗಳದಲ್ಲಿ ನಿಲ್ಲುತ್ತದೆ.

ಕಾಯ್ದೆ ಈ ಅಳತೆಯನ್ನು ಕಲಿಯಲಾರದೆಂದು ತಿಳಿಯಬಾರದು. ಕೆಲವೆಡೆ ಕಲಿತಿದೆ. 1948ರ ನೌಕರರ ರಾಜ್ಯ ವಿಮಾ ಕಾಯ್ದೆಗೆ, ಅಂದರೆ ನಮ್ಮ ಜನ ಇ.ಎಸ್.ಐ. ಎನ್ನುವುದಕ್ಕೆ, 1966ರಲ್ಲಿ ಒಂದು ತಿದ್ದುಪಡಿ ಬಂತು. ಕಾರ್ಮಿಕ ನಿಯಮ ಮೀರಿಯೇ ಗಾಯಗೊಂಡಿರಲಿ, ಮಾಡಿದ ಕೆಲಸ ಮಾಲೀಕನ ಉದ್ಯಮಕ್ಕಾಗಿ ಮಾಡಿದ್ದಾದರೆ ಅದು ಕೆಲಸದ ಗಾಯವೇ ಎಂದು ಅದು ಹೇಳಿತು. ಯಾರ ಇಚ್ಛೆ ಎಂದು ಕೇಳುವುದನ್ನು ಬಿಟ್ಟು ಯಾರ ಕೆಲಸ ಎಂದು ಕೇಳಿದ ಕಾಯ್ದೆ ಅದು. ಒಳಚರಂಡಿಗೆ ಇಳಿದು ಸತ್ತವರ ವಿಷಯದಲ್ಲಿಯೂ ಹಾಗೆಯೇ. ತಾನಾಗಿ ಇಳಿದ, ಕೂಲಿ ಒಪ್ಪಿಕೊಂಡೇ ಇಳಿದ ಎಂಬ ಮಾತು ಎಷ್ಟೋ ವರ್ಷ ನಡೆಯಿತು. 2013ರ ಕಾಯ್ದೆ ಅಪಾಯಕರವಾಗಿ ಮನುಷ್ಯನನ್ನು ಇಳಿಸುವುದನ್ನೇ ಅಪರಾಧ ಮಾಡಿತು. ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತವನ ‘ಸ್ವಂತ ಇಚ್ಛೆ’ಯ ಮರೆಯಲ್ಲಿ ಇಳಿಸಿದವನು ಅಡಗಿಕೊಳ್ಳಲು ಅಲ್ಲಿ ಎಡೆಯಿಲ್ಲ.

ಹಾಗಾದರೆ ನಮ್ಮ ಹುಡುಗನಿಗೆ ಇ.ಎಸ್.ಐ. ಏಕೆ ಒದಗಲಿಲ್ಲ? ರಾಜಾಜಿನಗರದ ದೊಡ್ಡ ಇ.ಎಸ್.ಐ. ಆಸ್ಪತ್ರೆ ಆ ಶೆಡ್ಡಿನಿಂದ ಕೆಲವೇ ಕಿಲೋಮೀಟರು. ಆದರೆ ಶೆಡ್ಡಿನಲ್ಲಿ ಇದ್ದವರು ಎಂಟೇ ಜನ. ಸಾಮಾನ್ಯವಾಗಿ ಹತ್ತು ಜನರಿದ್ದರೆ ಮಾತ್ರ ಆ ವಿಮೆ. ಯಂತ್ರಗಳಿಗೆ ಮಾಲೀಕನೇ ಬೇಲಿ ಹಾಕತಕ್ಕದ್ದೆಂದು ವಿಧಿಸಿದ್ದ 1948ರ ಕಾರ್ಖಾನೆ ಕಾಯ್ದೆಗೂ ವಿದ್ಯುತ್ತಿನಿಂದ ನಡೆಯುವಲ್ಲಿ ಹತ್ತು ಜನ ಬೇಕಿತ್ತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿದೆ. ರಸ್ತೆಯ ಆಚೆ ಬದಿಯ ಹನ್ನೆರಡು ಜನರ ಶೆಡ್ಡಿನಲ್ಲಿ ಇದೇ ಬೆರಳು ಹೋಗಿದ್ದರೆ ಆಸ್ಪತ್ರೆಯಿತ್ತು, ಜೀವಮಾನವಿಡೀ ತಿಂಗಳು ತಿಂಗಳು ಬರುವ ಹಣವಿತ್ತು. ಈಚೆ ಬದಿಯಲ್ಲಿ ಇಪ್ಪತ್ತು ಸಾವಿರ ಮತ್ತು ಗ್ರಹಚಾರ. ಅವನ ಹಣೆಯಲ್ಲಿ ಬರೆದದ್ದು ಇಷ್ಟೆಂದು ಯಾರಾದರೂ ಹೇಳುವುದಾದರೆ, ಆ ಬರಹ ಬ್ರಹ್ಮನದಲ್ಲ, ಶಾಸನ ಸಭೆಯದು. ಸಭೆ ಬರೆದದ್ದನ್ನು ಸಭೆಯೇ ಅಳಿಸಬಹುದು.

ಅಳಿಸುವವರು ಯಾರೆಂದರೆ, ಒಬ್ಬೊಬ್ಬರೇ ನಿಂತ ಹುಡುಗರಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗ ಒಡೆಯನ ಮನೆಯದು. ಅದರ ಗಾತ್ರವೂ ಒಡೆಯನ ಮನಸ್ಸಿನಂತೆ. ಆ ಕೊಳಗವನ್ನು ರೈತರು ತಲೆಮಾರುಗಳ ಕಾಲ ಹಣೆಬರಹವೆಂದೇ ಸಹಿಸಿದ್ದರು. ಒಬ್ಬ ಗೇಣಿದಾರ ಒಂಟಿಯಾಗಿ ‘ಒಲ್ಲೆ’ ಎಂದಿದ್ದರೆ ಗದ್ದೆಯಿಂದ ಹೊರಕ್ಕೆ ಬೀಳುತ್ತಿದ್ದ. ಗಣಪತಿಯಪ್ಪನವರು ರೈತಸಂಘ ಕಟ್ಟಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಶಾಂತವೇರಿ ಗೋಪಾಲಗೌಡರ ಜೊತೆ ನಮ್ಮ ಸಮಾಜವಾದಿಗಳು ಅದಕ್ಕೆ ಕೈಗೊಟ್ಟರು. ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಒಬ್ಬನಿಗೆ ಇಲ್ಲದ ಇಚ್ಛಾಸ್ವಾತಂತ್ರ್ಯ ನೂರು ಜನ ಒಟ್ಟಿಗೆ ನಿಂತಾಗ ಹುಟ್ಟಿತು. ಇಚ್ಛೆಯೆಂಬುದು ಸುಳ್ಳಲ್ಲ, ಅದು ಒಂಟಿಯಾಗಿದ್ದಾಗ ಬಡಕಲು, ಕೂಡಿದಾಗ ಬಲಿಯುತ್ತದೆ. 1974ರ ಭೂಸುಧಾರಣೆಯ ಬೇರು ಆ ಗದ್ದೆಗಳಲ್ಲಿದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಪರಿಹಾರದ ಕಾಯ್ದೆಯಿಂದ ಗಾರ್ಡಿನ ವಿನಾಯಿತಿಯನ್ನು ತೆಗೆದುಹಾಕಬೇಕು; ಸತ್ತವನಿಗೆ ಕೇಳದ ಪ್ರಶ್ನೆಯನ್ನು ಬೆರಳು ಹೋದವನಿಗೆ ಕೇಳಬಾರದು. ಪವರ್ ಪ್ರೆಸ್ ಇರುವ ಶೆಡ್ಡಿನಲ್ಲಿ ಒಬ್ಬನೇ ಒಬ್ಬ ಕೂಲಿಯಿದ್ದರೂ ಇ.ಎಸ್.ಐ. ಅನ್ವಯಿಸಬೇಕು, ಅಪಾಯದ ಉದ್ಯೋಗಗಳಿಗೆ ಹಾಗೆ ವಿಸ್ತರಿಸುವ ಅವಕಾಶ ಹೊಸ ಸಂಹಿತೆಯಲ್ಲಿಯೇ ಇದೆ, ಸರ್ಕಾರ ಅದನ್ನು ಪ್ರೆಸ್ಸುಗಳಿಗೂ ಅನ್ವಯಿಸಲಿ. ಜಾಬ್ ವರ್ಕ್ ಕೊಡುವ ಕಂಪನಿಯನ್ನೂ ಪರಿಹಾರದ ಪಾಲುದಾರನನ್ನಾಗಿ ಮಾಡಬೇಕು. ಆಸ್ಪತ್ರೆಯ ಹಾಸಿಗೆಯ ಮೇಲೆ ಬರೆಸಿಕೊಂಡ ಯಾವ ಹೇಳಿಕೆಯೂ ಕಾರ್ಮಿಕನ ವಿರುದ್ಧ ಸಾಕ್ಷ್ಯವಾಗಬಾರದು.

ನಮ್ಮ ಸಂಗಾತಿಗಳಿಗೂ ಎರಡು ಮಾತು. ಗಾರ್ಡು ಇಲ್ಲದ ಯಂತ್ರದ ಮುಂದೆ ನಿಲ್ಲಿಸಿದರೆ ಒಬ್ಬರೇ ಜಗಳಕ್ಕೆ ಹೋಗಬೇಡಿ. ಪಕ್ಕದ ಯಂತ್ರದವರನ್ನು, ಪಕ್ಕದ ಶೆಡ್ಡಿನವರನ್ನು ಕೂಡಿಸಿಕೊಂಡು ಹೋಗಿ. ಗೋಡೆಗೆ ನೇತುಬಿದ್ದ ಗಾರ್ಡಿನ ಒಂದು ಫೋಟೋ ತೆಗೆದಿಡಿ. ಅಪಘಾತವಾದ ದಿನ ಏನೂ ಓದದೆ ಏನಕ್ಕೂ ಹೆಬ್ಬೆಟ್ಟು ಒತ್ತಬೇಡಿ. ನಿಮ್ಮ ಪಾಲಿನ ಎಚ್ಚರ ನಿಮಗಿರಲಿ. ಅದನ್ನು ನಾವು ಬಿಟ್ಟುಕೊಡುವುದಿಲ್ಲ, ಏಕೆಂದರೆ ಹೊಣೆಯೇ ಇಲ್ಲದವನಿಗೆ ಹಕ್ಕೂ ಇರುವುದಿಲ್ಲ. ಆದರೆ ಇನ್ನೊಬ್ಬರ ಪಾಲಿನ ಹೊಣೆಯನ್ನು ಕರ್ಮವೆಂದು ಹೊತ್ತುಕೊಳ್ಳಬೇಡಿ.

ವಿಚಾರಣೆ ಇನ್ನೂ ಮುಗಿದಿಲ್ಲ. ಹುಡುಗ ಈಗ ಊರಿಗೆ ಬಂದಿದ್ದಾನೆ. ಕಳೆದ ವಾರ ಪಕ್ಷದ ಕಚೇರಿಯಲ್ಲಿ ಕುಳಿತು, ಆ ಛಾಪಾ ಕಾಗದವನ್ನು ಒಪ್ಪುವುದಿಲ್ಲವೆಂಬ ಹೊಸ ಹೇಳಿಕೆಯನ್ನು ಅವನೇ ಬರೆದ. ಉಳಿದ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಒಂದೂವರೆ ಪುಟ ಬರೆಯಲು ಮಧ್ಯಾಹ್ನ ಪೂರ್ತಿ ಬೇಕಾಯಿತು. ಅಕ್ಷರ ವಕ್ರವಾಗಿವೆ. ‘ಕರ್ಮ’ ಎಂಬ ಪದ ಅದರಲ್ಲಿಲ್ಲ. ಕೊನೆಯಲ್ಲಿ ಸಹಿ ಇದೆ.